ಸೂಜಿಯ ಮೊನೆಯಲ್ಲಿ ಎಷ್ಟು ಬೆಳಕಿದೆ?

(ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳ ಮಾಲೀಕರು, ಮೇಲ್ವಿಚಾರಕರು ಮತ್ತು ಕೆಲಸಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದ ಒಂದು ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಆರಂಭಿಸುವ ಮೊದಲು ನನ್ನ ಕೈಯಲ್ಲಿರುವ ಈ ಉಪಕರಣವನ್ನು ನಿಮಗೆ ತೋರಿಸಬೇಕು. ಇದರ ಹೆಸರು ಲಕ್ಸ್ ಮೀಟರ್. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ತುದಿಯಲ್ಲಿರುವ ಈ ಬಿಳಿಯ ಬಿಲ್ಲೆಯ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಎಂಬುದನ್ನು ಅಂಕಿಯಲ್ಲಿ ಹೇಳುತ್ತದೆ. ಸ್ವಾಗತ ಭಾಷಣ ನಡೆಯುತ್ತಿದ್ದಾಗ ಸಭಾಂಗಣವನ್ನು ಒಂದು ಸುತ್ತು ಅಳೆದು ಬಂದೆ. ನಾನು ನಿಂತಿರುವ ವೇದಿಕೆಯ ಮೇಲೆ 620 ಲಕ್ಸ್ ಇದೆ. ನಾಲ್ಕನೆಯ ಸಾಲಿನಲ್ಲಿ ಕೆಲವರು ನೋಟ್‌ಬುಕ್ ತೆರೆದು ಬರೆದುಕೊಳ್ಳುತ್ತಿದ್ದೀರಿ. ಆ ಪುಟದ ಮೇಲೆ 85. ಬರೆಯುವ ಕೆಲಸ ನಿಮ್ಮದು, ಬೆಳಕು ನನ್ನ ಮೇಲೆ. ಈ ಹೊತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಎರಡು ಅಂಕಿಗಳ ನಡುವೆಯೇ ಇದೆ. ಹಿಂದಿನ ಸಾಲುಗಳ ದೀಪಗಳನ್ನೂ ದಯವಿಟ್ಟು ಹಾಕಿಸಿ. (ಹಾಕಿಸಿದರು.)

ಕಾರ್ಖಾನೆ, ಕಚೇರಿಗಳಲ್ಲಿ ಬೆಳಕಿನ ವ್ಯವಸ್ಥೆ ನೋಡುವುದೇ ನನ್ನ ಉದ್ಯೋಗ. ಕೆಲವು ವರ್ಷಗಳ ಹಿಂದೆ ಒಂದು ಗಾರ್ಮೆಂಟ್ಸ್ ಕಾರ್ಖಾನೆಯವರು ಕರೆದಿದ್ದರು. ಒಂದು ಲೈನಿನಲ್ಲಿ ಆಲ್ಟರೇಷನ್ ಪೀಸ್‌ಗಳು ಮಿತಿಮೀರಿ ಬರುತ್ತಿದ್ದವು. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುವುದು ಎಂದರೆ ಟೈಲರ್‌ಗೂ ಹಿಂಸೆ, ಮಾಲೀಕರಿಗೂ ನಷ್ಟ. ಮ್ಯಾನೇಜರ್ ನನ್ನನ್ನು ಎರಡು ಸಾಲುಗಳ ನಡುವಿನ ದಾರಿಯಲ್ಲಿ ನಿಲ್ಲಿಸಿ ಅಳೆಯಲು ಹೇಳಿದರು. 480 ಬಂತು. ನಮ್ಮ ಮಾನಕಗಳು ಸಾಮಾನ್ಯ ಕಚೇರಿ ಕೆಲಸಕ್ಕೆ ಹೇಳುವುದು 500ರ ಆಸುಪಾಸು. ಬೆಳಕಿನದೇನೂ ತೊಂದರೆಯಿಲ್ಲ, ಕೆಲಸದವರಿಗೇ ಗಮನ ಸಾಲದು ಎಂದು ಅವರು ತೀರ್ಮಾನಿಸಿದ್ದರು.

ನಡುದಾರಿಯಲ್ಲಿ ಯಾರೂ ಬಟ್ಟೆ ಹೊಲಿಯುವುದಿಲ್ಲ. ಹಾಗಾಗಿ ಆ ಲೈನಿನಲ್ಲಿ ಕಾಲರ್ ಕೂರಿಸುತ್ತಿದ್ದ ಒಬ್ಬರ ಪಕ್ಕಕ್ಕೆ ಹೋಗಿ ಕುಳಿತೆ. ವಯಸ್ಸು ನಲವತ್ತೈದರ ಹತ್ತಿರ. ಆ ವಾರದ ಆರ್ಡರ್ ಕಪ್ಪು ಷರ್ಟ್, ದಾರವೂ ಕಪ್ಪು. "ಅಕ್ಕಾ, ನೀವು ಹೊಲಿಯುತ್ತಲೇ ಇರಿ, ನಾನು ಸೂಜಿಯ ಹತ್ತಿರ ಇದನ್ನು ಇಡುತ್ತೇನೆ" ಎಂದೆ. ಆಕೆ ತಲೆ ಬಗ್ಗಿಸಿದರು. ಟ್ಯೂಬ್‌ಲೈಟ್ ಇದ್ದದ್ದು ಅವರ ಬೆನ್ನ ಹಿಂದೆ, ಮೇಲೆ. ಅವರ ತಲೆಯ ನೆರಳೇ ಸೂಜಿಯ ಮೇಲೆ ಬಿತ್ತು. ಮೀಟರ್ 140 ತೋರಿಸಿತು. ಬೆಳಕಿಗೆ ದಾರಿ ಬಿಡಲು ಆಕೆ ಎಡಕ್ಕೆ ವಾಲಿದರು, 210 ಆಯಿತು. ದಿನಕ್ಕೆ ಎಂಟು ಗಂಟೆ ಅವರು ಹಾಗೆ ವಾಲಿಯೇ ಕೆಲಸ ಮಾಡುತ್ತಿದ್ದರು. "ಎಡಗಡೆ ಕತ್ತು ಬಹಳ ನೋಯುತ್ತದೆ ಸರ್, ರಾತ್ರಿ ಎಣ್ಣೆ ಹಚ್ಚಿಕೊಳ್ಳುತ್ತೇನೆ" ಎಂದರು. ಆ ನೋವು ದೀಪದಿಂದ ಬಂದದ್ದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ದಾರ ಕಡಿಯಿತು. ಮಷಿನ್ನಿನ ಕೆಳಗಿಂದ ಆಕೆ ಉಗುರಿನಷ್ಟು ಅಗಲದ ಬಿಳಿ ಕಾಗದದ ಚೂರೊಂದನ್ನು ತೆಗೆದು ಸೂಜಿಯ ಹಿಂದೆ ಹಿಡಿದರು. ಬಿಳಿಯ ಮೇಲೆ ಸೂಜಿಯ ಕಣ್ಣು ಎದ್ದು ಕಂಡಿತು. ದಾರ ಪೋಣಿಸಿ, ಕಾಗದವನ್ನು ಮತ್ತೆ ಅದೇ ಜಾಗದಲ್ಲಿ ಸಿಕ್ಕಿಸಿದರು. ಬೆಳಕಿನ ಶಾಸ್ತ್ರದ ಮೊದಲ ಪಾಠ ಆ ಚೂರಿನಲ್ಲಿತ್ತು. ಕಣ್ಣಿಗೆ ಕಾಣುವುದು ವಸ್ತುವಿನ ಮೇಲೆ ಬಿದ್ದ ಬೆಳಕಲ್ಲ, ಅದರಿಂದ ಮರಳಿ ಬಂದ ಬೆಳಕು. ಬಿಳಿ ಬಟ್ಟೆ ತನ್ನ ಮೇಲೆ ಬಿದ್ದದ್ದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಮರಳಿಸುತ್ತದೆ. ಕಪ್ಪು ಬಟ್ಟೆ ಐದರಷ್ಟನ್ನು ಮರಳಿಸಿದರೆ ಹೆಚ್ಚು. ಅದೇ ಲೈನು, ಅದೇ ಟ್ಯೂಬು, ಅದೇ ಕೈ. ಆರ್ಡರ್ ಬಿಳಿಯಿಂದ ಕಪ್ಪಿಗೆ ತಿರುಗಿದ ದಿನವೇ ಬೆಳಕು ಹದಿನಾರನೇ ಒಂದು ಪಾಲಿಗೆ ಇಳಿದಂತೆ. ಗಮನ ಎಲ್ಲಿಂದ ಕಡಿಮೆಯಾಯಿತು?

ಪ್ರತಿ ಮಷಿನ್ನಿನ ತೋಳಿಗೆ ಒಂದು ಪುಟ್ಟ ಎಲ್‌ಇಡಿ ದೀಪ ಕಟ್ಟಿಸಿ, ಟ್ಯೂಬ್‌ಗಳ ಸಾಲನ್ನು ಕುಳಿತವರ ಎಡಮುಂದಕ್ಕೆ ಸರಿಸಿದೆವು. ದುಬಾರಿ ಕೆಲಸವೇನಲ್ಲ. ಸಣ್ಣ ದೀಪವೊಂದನ್ನು ಅರ್ಧದಷ್ಟು ಹತ್ತಿರ ತಂದರೆ ಅದೇ ವಿದ್ಯುತ್ತಿಗೆ ನಾಲ್ಕು ಪಟ್ಟು ಬೆಳಕು ಕೆಲಸದ ಮೇಲೆ ಬೀಳುತ್ತದೆ. ಆಲ್ಟರೇಷನ್ ಕಡಿಮೆಯಾಯಿತು. ನನಗೆ ಅದಕ್ಕಿಂತ ಹೆಚ್ಚು ಸಮಾಧಾನ ಕೊಟ್ಟದ್ದು, ಮುಂದಿನ ಸಲ ಹೋದಾಗ ಆಕೆ ಕತ್ತು ನೆಟ್ಟಗಿಟ್ಟು ಕುಳಿತಿದ್ದದ್ದು.

ಇಷ್ಟು ಹೇಳಿದಾಗ ಮ್ಯಾನೇಜ್‌ಮೆಂಟ್ ಓದಿದವರು ಯಾರಾದರೂ ಎದ್ದು ಹಾಥಾರ್ನ್ ಕಥೆ ಹೇಳುವುದುಂಟು. ಅಮೆರಿಕದ ಷಿಕಾಗೊ ಪಕ್ಕದ ಹಾಥಾರ್ನ್ ಎಂಬಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ದೊಡ್ಡ ಕಾರ್ಖಾನೆ ಇತ್ತು. 1924ರಿಂದ 1927ರವರೆಗೆ ಅಲ್ಲಿ ಬೆಳಕನ್ನು ಹೆಚ್ಚಿಸಿ, ತಗ್ಗಿಸಿ ಉತ್ಪಾದನೆಯನ್ನು ಲೆಕ್ಕ ಹಾಕಿದರು. ಬೆಳಕು ಹೆಚ್ಚಿಸಿದಾಗಲೂ ಕೆಲಸ ಹೆಚ್ಚಾಯಿತು, ತಗ್ಗಿಸಿದಾಗಲೂ ಹೆಚ್ಚಾಯಿತು. ಬೆಳದಿಂಗಳಷ್ಟೇ ಬೆಳಕಿನಲ್ಲಿ ಕೂಡ ಇಬ್ಬರು ಹೆಣ್ಣುಮಕ್ಕಳು ಕೆಲಸ ನಿಲ್ಲಿಸಲಿಲ್ಲ ಎಂಬುದು ಕಥೆ. ಹಾಗಾಗಿ ಬೆಳಕು ಮುಖ್ಯವಲ್ಲ, ನಮ್ಮನ್ನು ಗಮನಿಸುತ್ತಿದ್ದಾರೆ ಎಂಬ ಭಾವನೆಯೇ ಮುಖ್ಯ ಎಂದು ದಶಕಗಳ ಕಾಲ ತರಗತಿಗಳಲ್ಲಿ ಪಾಠ ಮಾಡಿದರು.

ಈ ಕಥೆಯ ಬಗ್ಗೆ ನನಗೆ ನಿಜವಾದ ಸಿಟ್ಟಿದೆ. ದೀಪಕ್ಕೆ ದುಡ್ಡು ಕೇಳಿದಾಗಲೆಲ್ಲ ಇದನ್ನು ಅಡ್ಡ ತಂದಿದ್ದಾರೆ. ಆ ಪ್ರಯೋಗದ ಮೂಲ ಲೆಕ್ಕಪಟ್ಟಿಗಳು ಕಳೆದುಹೋಗಿವೆ ಎಂದೇ ಎಲ್ಲರೂ ನಂಬಿದ್ದರು. ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಅವನ್ನು ಹುಡುಕಿ ತೆಗೆದು, ಮತ್ತೆ ಲೆಕ್ಕ ಹಾಕಿ, 2011ರಲ್ಲಿ ಪ್ರಕಟಿಸಿದರು. ಬೆಳಕಿನ ಬದಲಾವಣೆಯನ್ನೆಲ್ಲ ಮಾಡಿದ್ದು ಭಾನುವಾರ, ಕಾರ್ಖಾನೆಗೆ ರಜೆ ಇದ್ದಾಗ. ಮರುದಿನ ಸೋಮವಾರ. ಶನಿವಾರಕ್ಕಿಂತ ಸೋಮವಾರದ ಉತ್ಪಾದನೆ ಹೆಚ್ಚಿರುತ್ತಿತ್ತು, ದೀಪ ಮುಟ್ಟದ ವಾರಗಳಲ್ಲೂ! ವಾರದ ರಜೆ ಮುಗಿಸಿ ಬಂದವರ ಹುರುಪನ್ನು ದೀಪದ ಲೆಕ್ಕಕ್ಕೆ ಬರೆದುಕೊಂಡಿದ್ದರು. ಜನಪ್ರಿಯ ಕಥೆಯಲ್ಲಿ ಬಹುಪಾಲು ಆಧಾರವಿಲ್ಲದ್ದು ಎಂದು ಅವರಿಬ್ಬರೂ ಬರೆದರು.

ದೂರದ ಕಥೆ ಬಿಡಿ, ನಮ್ಮ ಊರಿನದೇ ಒಂದು ಅಧ್ಯಯನವಿದೆ. ಬೆಂಗಳೂರಿನ ಸುತ್ತಮುತ್ತಲ ಗಾರ್ಮೆಂಟ್ಸ್ ಕಾರ್ಖಾನೆಗಳು ಹಳೆಯ ದೀಪಗಳನ್ನು ತೆಗೆದು ಎಲ್‌ಇಡಿ ಹಾಕಿದಾಗ ಏನಾಯಿತು ಎಂದು ಮೂವರು ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದರು. ಕಾರ್ಖಾನೆಯವರ ಉದ್ದೇಶ ಕರೆಂಟ್ ಬಿಲ್ ಇಳಿಸುವುದು ಮಾತ್ರ. ಆದರೆ ಎಲ್‌ಇಡಿ ಕಡಿಮೆ ಶಾಖ ಸೂಸುತ್ತದೆ. ತಲೆಯ ಮೇಲೆ, ಕೈಯ ಹತ್ತಿರ ಉರಿಯುವ ನೂರಾರು ದೀಪಗಳ ಶಾಖ ತಗ್ಗಿದ್ದರಿಂದ, ಬಿಸಿಲಿನ ದಿನಗಳಲ್ಲಿ ಮೊದಲು ಕುಗ್ಗುತ್ತಿದ್ದ ಕೆಲಸ ಈಗ ಅಷ್ಟು ಕುಗ್ಗಲಿಲ್ಲ. ಈ ಲಾಭವನ್ನೂ ಸೇರಿಸಿದರೆ, ದೀಪಕ್ಕೆ ಹಾಕಿದ ಬಂಡವಾಳ ಮರಳಿ ಬರಲು ಬರೀ ಕರೆಂಟ್ ಉಳಿತಾಯದಿಂದ ಬೇಕಾಗುತ್ತಿದ್ದ ಕಾಲದ ಆರನೇ ಒಂದು ಭಾಗಕ್ಕಿಂತ ಕಡಿಮೆ ಸಾಕು ಎಂದು ಅವರು ಲೆಕ್ಕ ಕೊಟ್ಟಿದ್ದಾರೆ. ಬಿಲ್ಲಿನಲ್ಲಿ ಕಾಣುವ ಉಳಿತಾಯಕ್ಕಿಂತ, ಕೆಲಸ ಮಾಡುವ ಮೈಗೆ ಸಿಕ್ಕ ನಿರಾಳವೇ ದೊಡ್ಡ ಗಳಿಕೆ. ಮಾಲೀಕರಾದ ನೀವು ಈ ಮಾತನ್ನು ಬರೆದುಕೊಳ್ಳಿ. ಈಗ ನಿಮ್ಮ ಪುಟದ ಮೇಲೂ ಬೆಳಕಿದೆ.

ಇನ್ನು ಮಿಣುಕಿನ ವಿಷಯ. ಇಲ್ಲಿ ಲೇತ್ ಓಡಿಸುವವರು ಬಹಳ ಜನ ಇದ್ದೀರಿ, ನಿಮಗೆ ಇದು ಪ್ರಾಣದ ಪ್ರಶ್ನೆ. ನಮ್ಮ ಕರೆಂಟ್ ಸೆಕೆಂಡಿಗೆ 50 ಆವರ್ತದ್ದು. ಹಳೆಯ ತಾಮ್ರದ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಫೋರ್‌ಜಾ ಚಕ್, ಅಂದರೆ ಲೇತ್‌ನಲ್ಲಿ ಕೆಲಸದ ತುಂಡನ್ನು ನಾಲ್ಕು ಹಿಡಿಕೆಗಳಿಂದ (ಜಾ) ಬಿಗಿಹಿಡಿದು ತಿರುಗುವ ಭಾಗ, ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಸೆಕೆಂಡಿಗೆ 25 ಸುತ್ತು. ಅಂದರೆ ದೀಪ ಒಂದು ಸಲ ಮಿಣುಕಿ ಮತ್ತೆ ಮಿಣುಕುವಷ್ಟರಲ್ಲಿ ಚಕ್ ಸರಿಯಾಗಿ ಕಾಲು ಸುತ್ತು ಮುಗಿಸಿರುತ್ತದೆ, ಒಂದು ಜಾ ಇದ್ದ ಕಡೆಗೆ ಮುಂದಿನ ಜಾ ಬಂದು ಕೂತಿರುತ್ತದೆ. ನೋಡುವವನಿಗೆ ಚಕ್ ನಿಂತಂತೆಯೇ ಕಾಣುತ್ತದೆ. ಗದ್ದಲದ ನಡುವೆ ಸದ್ದಿನಿಂದಲೂ ತಿಳಿಯದು. ಕೈ ಹಾಕಿದರೆ ಮುಗಿಯಿತು. ಇದಕ್ಕೆ ಹಳೆಯ ಎಲೆಕ್ಟ್ರಿಷಿಯನ್‌ಗಳಿಗೆ ಮದ್ದು ಗೊತ್ತಿತ್ತು: ಅಕ್ಕಪಕ್ಕದ ಮೂರು ಟ್ಯೂಬ್‌ಗಳನ್ನು ಮೂರು ಬೇರೆ ಬೇರೆ ಫೇಸ್‌ಗೆ ಕೊಡುತ್ತಿದ್ದರು. ಒಂದು ಇಳಿಯುವಾಗ ಇನ್ನೊಂದು ಏರುತ್ತಿರುತ್ತದೆ. ಎಲ್‌ಇಡಿ ಬಂದ ಮೇಲೆ ಆ ಅಭ್ಯಾಸ ಬಿಟ್ಟುಹೋಗುತ್ತಿದೆ. ಆದರೆ ಅಗ್ಗದ ಡ್ರೈವರ್ (ದೀಪಕ್ಕೆ ಕರೆಂಟನ್ನು ಹದ ಮಾಡಿ ಕೊಡುವ ಭಾಗ) ಇರುವ ಎಲ್‌ಇಡಿಯೂ ಹೀಗೆಯೇ ಮಿಣುಕುತ್ತದೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ದೀಪದ ವಿಡಿಯೊ ತೆಗೆದು ನೋಡಿ. ದೀಪ ಬಡಿದುಕೊಳ್ಳುತ್ತಿದ್ದರೆ ಆ ದೀಪ ತಿರುಗುವ ಯಂತ್ರದ ಮೇಲೆ ಬೇಡ.

ಕಚೇರಿಯಲ್ಲಿ ಕೂರುವವರಿಗೆ ಮಿಣುಕು ಕೈ ಕತ್ತರಿಸುವುದಿಲ್ಲ, ತಲೆ ನೋಯಿಸುತ್ತದೆ. ಇಂಗ್ಲೆಂಡಿನಲ್ಲಿ ಆರ್ನಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಚೇರಿಯ ಸಿಬ್ಬಂದಿಗೆ ಗೊತ್ತಾಗದಂತೆ ಹಳೆಯ ಚೋಕ್ ಬದಲು ಎಲೆಕ್ಟ್ರಾನಿಕ್ ಚೋಕ್ ಹಾಕಿದರು. ತಲೆನೋವು, ಕಣ್ಣುಬೇನೆಗಳ ಸರಾಸರಿ ಅರ್ಧಕ್ಕಿಂತ ಕೆಳಗಿಳಿಯಿತು. ಬದಲಾದದ್ದು ಯಾರಿಗೂ ತಿಳಿದಿರಲಿಲ್ಲ, ಆದ್ದರಿಂದ ಇದನ್ನು ಮನಸ್ಸಿನ ಭ್ರಮೆ ಎನ್ನುವಂತಿಲ್ಲ.

ಇಲ್ಲಿಯವರೆಗೆ ನೋಡುವುದಕ್ಕೆ ಬೇಕಾದ ಬೆಳಕಿನ ಮಾತಾಯಿತು. ಕಣ್ಣಿಗೆ ಇನ್ನೊಂದು ಕೆಲಸವೂ ಇದೆ. ಅದು ತೀರ ಇತ್ತೀಚೆಗೆ ತಿಳಿದದ್ದು, ನಾನು ಕಾಲೇಜಿನಲ್ಲಿ ಓದುವಾಗ ಪಠ್ಯದಲ್ಲಿ ಇರಲೇ ಇಲ್ಲ. ಪೂರ್ತಿ ಕುರುಡರಾದ ಕೆಲವರ ಕಣ್ಣಿಗೆ ಪ್ರಖರ ಬೆಳಕು ಬಿಟ್ಟಾಗ, ನಿದ್ರೆಯ ಹಾರ್ಮೋನ್ ಆದ ಮೆಲಟೋನಿನ್ ಅವರ ರಕ್ತದಲ್ಲಿ ತಗ್ಗಿತು ಎಂದು 1995ರಲ್ಲಿ ವರದಿಯಾಯಿತು. ಏನೂ ಕಾಣದ ಕಣ್ಣು ಬೆಳಕನ್ನು ಅರಿತದ್ದಾದರೂ ಹೇಗೆ? 1998ರಲ್ಲಿ ಇಗ್ನೇಷಿಯೊ ಪ್ರೊವೆನ್ಸಿಯೊ ಮತ್ತು ಸಂಗಡಿಗರಿಗೆ ಕಪ್ಪೆಯ ಚರ್ಮದಲ್ಲಿ ಬೆಳಕಿಗೆ ಸ್ಪಂದಿಸುವ ಒಂದು ಹೊಸ ವಸ್ತು ಸಿಕ್ಕಿತು. ಹೆಸರು ಮೆಲನಾಪ್ಸಿನ್. 2002ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಡೇವಿಡ್ ಬರ್ಸನ್ ತಂಡ, ಅಕ್ಷಿಪಟಲದ ಕೆಲವೇ ನರಕೋಶಗಳು ತಾವಾಗಿಯೇ ಬೆಳಕಿಗೆ ಸ್ಪಂದಿಸುತ್ತವೆ ಎಂದು ತೋರಿಸಿತು. ಅವುಗಳಲ್ಲಿ ಇದ್ದದ್ದು ಇದೇ ಮೆಲನಾಪ್ಸಿನ್. ಚಿತ್ರ ಮೂಡಿಸುವುದು ಇವುಗಳ ಮುಖ್ಯ ಕೆಲಸವಲ್ಲ. ಈಗ ಹಗಲೋ ರಾತ್ರಿಯೋ ಎಂದು ಮಿದುಳಿನೊಳಗಿನ ಗಡಿಯಾರಕ್ಕೆ ಇವು ಸುದ್ದಿ ಮುಟ್ಟಿಸುತ್ತವೆ. ನೀಲಿ ಆಕಾಶದ ಬೆಳಕಿಗೆ, ಸುಮಾರು 480 ನ್ಯಾನೊಮೀಟರ್ ತರಂಗಕ್ಕೆ, ಇವು ಅತಿ ಹೆಚ್ಚು ಸ್ಪಂದಿಸುತ್ತವೆ. ಎಚ್ಚರ, ನಿದ್ರೆ, ಮೈಯ ಕಾವು ಎಲ್ಲವೂ ಆ ಗಡಿಯಾರದ ಹಿಡಿತದಲ್ಲಿವೆ.

ಈಗ ಈ ಮೀಟರನ್ನು ಬಾಗಿಲಾಚೆ ಒಯ್ಯೋಣ. ಬಿಸಿಲಿನಲ್ಲಿ ಒಂದು ಲಕ್ಷ ಲಕ್ಸ್. ಮೋಡ ಮುಸುಕಿದ ಹಗಲಿನಲ್ಲೂ ಸಾವಿರಾರು. ನಮ್ಮ ಕಚೇರಿಯ ಮೇಜಿನ ಮೇಲೆ 300, 400. ಮೀಟರನ್ನು ಮೇಜಿನ ಮೇಲೆ ಮಲಗಿಸದೆ ಕಣ್ಣಿನ ಎತ್ತರದಲ್ಲಿ ಎದುರಿಗೆ ಹಿಡಿದರೆ ಅದರ ಅರ್ಧವೂ ಇರುವುದಿಲ್ಲ. ನೋಡಲು ಇಷ್ಟು ಸಾಕಾಗಬಹುದು, ಆದರೆ ಆ ಗಡಿಯಾರಕ್ಕೆ ಇದು ಹಗಲೆಂದು ಅನಿಸುವುದೇ ಇಲ್ಲ. 2022ರಲ್ಲಿ ಈ ಕ್ಷೇತ್ರದ ತಜ್ಞರು ಸೇರಿ ಒಂದು ಶಿಫಾರಸು ಪ್ರಕಟಿಸಿದರು. ಮೆಲನಾಪ್ಸಿನ್‌ನ ಲೆಕ್ಕದಲ್ಲಿ ತೂಗಿದ ಲಕ್ಸ್‌ನಲ್ಲಿ, ಅಂದರೆ ಮೆಲನಾಪ್ಸಿನ್ ಎಷ್ಟು ಸ್ಪಂದಿಸುತ್ತದೆ ಎಂಬುದರ ಮೇಲೆ ಬೆಳಕನ್ನು ಎಣಿಸುವ ಅಳತೆಯಲ್ಲಿ, ಹಗಲು ಕಣ್ಣಿನ ಮಟ್ಟದಲ್ಲಿ ಕನಿಷ್ಠ 250, ಮಲಗುವ ಮುಂಚಿನ ಮೂರು ಗಂಟೆ 10ಕ್ಕಿಂತ ಹೆಚ್ಚಿಲ್ಲ, ಮಲಗಿದ ಮೇಲೆ 1ಕ್ಕಿಂತ ಹೆಚ್ಚಿಲ್ಲ. ನಾವು ಬದುಕುತ್ತಿರುವುದು ಇದಕ್ಕೆ ತಿರುಗುಮುರುಗಾಗಿ: ಹಗಲು ಮಂಕು, ರಾತ್ರಿ ಝಗಝಗ.

ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಿಟಕಿಯ ಬೆಳಕು ಸಿಗುವ ಕಚೇರಿ ಸಿಬ್ಬಂದಿ ಕೆಲಸದ ದಿನಗಳ ರಾತ್ರಿ ಸರಾಸರಿ 46 ನಿಮಿಷ ಹೆಚ್ಚು ನಿದ್ರಿಸುತ್ತಿದ್ದರು. ನೋಡಿದ್ದು 49 ಜನರನ್ನು ಮಾತ್ರ, ಹಾಗಾಗಿ ಇದನ್ನೇ ವೇದವಾಕ್ಯ ಎನ್ನಲಾರೆ. ಆದರೂ ನಾನು ಸೀಟು ಆರಿಸಿಕೊಳ್ಳಬೇಕಾದರೆ ಕಿಟಕಿಯ ಪಕ್ಕವೇ ಕೂರುತ್ತೇನೆ.

ಕಿಟಕಿ ಎಂದಾಗ ಬೇಸರದ ಸಂಗತಿಯೊಂದನ್ನು ಹೇಳಬೇಕು. ನಮ್ಮ ಊರಿನ ಎಷ್ಟೋ ದೊಡ್ಡ ಕಚೇರಿಗಳ ಹೊರಗೋಡೆಯೆಲ್ಲ ಗಾಜು. ಗಾಜಿನಿಂದ ಬಿಸಿಲು ನುಗ್ಗಿ ಕಂಪ್ಯೂಟರ್ ಪರದೆ ಕಾಣದಾಗುತ್ತದೆ, ಆಗ ಬೆಳಗ್ಗೆ ಎಳೆದ ಕಿಟಕಿಯ ಪರದೆಯನ್ನು ಸಂಜೆಯವರೆಗೂ ತೆಗೆಯುವುದಿಲ್ಲ, ಒಳಗೆ ಇಡೀ ದಿನ ದೀಪ. ಬೆಳಕು ಬೇರೆ, ಬಿಸಿಲು ಬೇರೆ ಎಂಬುದು ತೊಟ್ಟಿ ಮನೆ ಕಟ್ಟಿದವರಿಗೆ ತಿಳಿದಿತ್ತು. ಅಡುಗೆಮನೆಯ ಮಾಡಿನಲ್ಲಿ ಒಂದು ಬೆಳಕಿಂಡಿ ಬಿಟ್ಟು, ಅದರಡಿ ಒಲೆ ಹೂಡುತ್ತಿದ್ದರು. ಹಳೆಯ ಗಿರಣಿಗಳಿಗೆ ಗರಗಸದ ಹಲ್ಲಿನಂತಹ ಮಾಡು ಕಟ್ಟಿ ಉತ್ತರಕ್ಕೆ ಗಾಜು ಇಡುವ ಪದ್ಧತಿ ಇಂಗ್ಲೆಂಡಿನಿಂದ ಬಂತು. ಅಲ್ಲಿ ಉತ್ತರದ ಮಾಡಿನ ಗಾಜಿಗೆ ನೆತ್ತಿಯ ಬಿಸಿಲು ತಾಗುವುದಿಲ್ಲ. ಬೆಂಗಳೂರಿನಲ್ಲಿ ಹಾಗಲ್ಲ. ಇಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಶೂನ್ಯ ನೆರಳಿನ ದಿನ, ಅಂದರೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ ದಿನ. ಆ ಎರಡರ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ನಮ್ಮಲ್ಲಿ ಉತ್ತರದ ಗಾಜಿಗೂ ಬಿಸಿಲು ತಡೆಯುವ ಒಂದು ಚಿಕ್ಕ ಚಾಚು ಬೇಕು. ಹೊಸ ಶೆಡ್ ಕಟ್ಟಿಸುವವರು ನಿಮ್ಮ ಎಂಜಿನಿಯರ್‌ಗೆ ಈ ಒಂದು ಮಾತು ಹೇಳಿ.

ಹಳೆಯ ಶೆಡ್ ಇರುವವರಿಗೆ ಅದಕ್ಕಿಂತ ಸುಲಭದ ಕೆಲಸವಿದೆ. 1948ರ ಕಾರ್ಖಾನೆ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ, ಕೆಲಸದ ಕೋಣೆಗೆ ಬೆಳಕು ಕೊಡುವ ಗಾಜುಗಳ ಒಳಮೈ ಹೊರಮೈ ಎರಡನ್ನೂ ಸ್ವಚ್ಛವಾಗಿಡಬೇಕು ಎಂದು ಬರೆದಿದ್ದರು. ಕಣ್ಣು ಕುಕ್ಕುವ ಪ್ರಭೆಯನ್ನೂ, ಕಣ್ಣಿಗೆ ಶ್ರಮ ಕೊಡುವ ನೆರಳನ್ನೂ ತಡೆಯಬೇಕು ಎಂದಿದ್ದರು. ಅಷ್ಟು ಹಿಂದೆಯೇ ಕಾನೂನು ಬರೆದವರಿಗೆ ಧೂಳಿನ ಗಾಜು ಕಂಡಿತ್ತು. ನಾನು ಹೋದ ಶೆಡ್‌ಗಳಲ್ಲಿ ಮಾಡಿನ ಗಾಜಿನ ಮೇಲೆ ವರ್ಷಗಳ ಧೂಳು ಕೂತು, ನಡುಹಗಲಲ್ಲಿ ಟ್ಯೂಬ್ ಉರಿಯುತ್ತಿರುವುದೇ ಹೆಚ್ಚು.

ರಾತ್ರಿ ಪಾಳಿಯವರ ಕಷ್ಟಕ್ಕೆ ಇಷ್ಟು ಸುಲಭದ ಪರಿಹಾರವಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ದೇಹದ ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು 2007ರಲ್ಲಿ, ರಾತ್ರಿ ಪಾಳಿಯನ್ನು ಮತ್ತೆ 2019ರಲ್ಲಿ, ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿತು. ಯಾವ ದೀಪವೂ ರಾತ್ರಿಯನ್ನು ಹಗಲು ಮಾಡಲಾರದು. ಮಾಡಬಹುದಾದದ್ದು ಸ್ವಲ್ಪವಿದೆ. ಪಾಳಿಯ ಮೊದಲರ್ಧ ಚೆನ್ನಾಗಿ ಬೆಳಕಿಡಿ. ಕೊನೆಯ ಗಂಟೆಗಳಲ್ಲಿ, ಕೆಲಸದ ಸುರಕ್ಷತೆಗೆ ಧಕ್ಕೆಯಾಗದಷ್ಟು ತಗ್ಗಿಸಿ. ಮನೆಯಲ್ಲಿ ಮಲಗುವ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿ. ವಾರಕ್ಕೊಮ್ಮೆ ಪಾಳಿ ಬದಲಿಸುವ ಪದ್ಧತಿ ಇರುವ ಕಡೆ, ಅದನ್ನು ಕೆಲಸದವರನ್ನು ಕೇಳಿ ಗೊತ್ತು ಮಾಡಿ.

ಕೊನೆಯದಾಗಿ ವಯಸ್ಸು. ನಲವತ್ತು ದಾಟಿದವರಿಗೆ ಚಾಳೀಸು ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಕಣ್ಣಿನ ಪಾಪೆ ಕಿರಿದಾಗುವುದು, ಮಸೂರ ಹಳದಿಯಾಗುವುದು ಅಷ್ಟಾಗಿ ಗೊತ್ತಿಲ್ಲ. ಅರವತ್ತರವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರವರದರ ಸುಮಾರು ಮೂರನೇ ಒಂದು ಭಾಗ. ಒಂದೇ ದೀಪದ ಕೆಳಗೆ ಕೂತ ಇಬ್ಬರಿಗೆ ಬೆಳಕು ಒಂದೇ ಅಲ್ಲ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಕೆಲಸಗಾರರಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಕ್ಕವರು ಕೀಳುವ ಎಲೆಯ ಪ್ರಮಾಣದಲ್ಲಿ ಆದ ಶೇಕಡಾವಾರು ಏರಿಕೆ, ಸಿಗದವರ ಏರಿಕೆಗಿಂತ 21.7 ಅಂಶ ಹೆಚ್ಚಿತ್ತು. ಎಲೆ ಕೀಳುವ ಕೆಲಸಕ್ಕೇ ಇಷ್ಟಾದರೆ, ಸೂಜಿಗೆ ದಾರ ಪೋಣಿಸುವ ಕೆಲಸಕ್ಕೆ ಎಷ್ಟಾಗಬಹುದು, ನೀವೇ ಯೋಚಿಸಿ.

ಪ್ರಶ್ನೆಗಳು ಬಹಳ ಬಂದವು. ಅವುಗಳಲ್ಲಿ ಒಂದನ್ನು ಇಲ್ಲಿ ಕೊಡುತ್ತೇನೆ. ಬಟ್ಟೆ ಚೆಕಿಂಗ್ ವಿಭಾಗದಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ಎದ್ದು ನಿಂತರು: "ಸರ್, ಕಾಣುವುದಿಲ್ಲ ಎಂದು ಹೇಳಿದರೆ, ಹೋಗಿ ಕಣ್ಣು ತೋರಿಸಿಕೊಂಡು ಬಾ ಎನ್ನುತ್ತಾರೆ. ತೊಂದರೆ ಕಣ್ಣಿನದೋ ದೀಪದ್ದೋ ಎಂದು ನಮಗೆ ತಿಳಿಯುವುದು ಹೇಗೆ?"

ನಾನು ಹೇಳಿದೆ: "ಕಾಣದ ಪೀಸನ್ನು ಹಗಲಿನಲ್ಲಿ ಬಾಗಿಲ ಬಳಿ ಒಯ್ದು ನೋಡಮ್ಮಾ. ಹೆಚ್ಚು ಬೆಳಕಿನಲ್ಲಿ ಚಾಳೀಸು ಬಂದವರಿಗೂ ಸ್ವಲ್ಪ ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ಕಣ್ಣನ್ನೂ ತೋರಿಸಬೇಕು. ಆದರೆ ಬಾಗಿಲ ಬಳಿ ಕಂಡ ಹೊಲಿಗೆ ನಿಮ್ಮ ಮೇಜಿನ ಬಳಿ ಕಾಣದಿದ್ದರೆ, ಮೇಜಿನ ಬಳಿ ಬೆಳಕು ಸಾಲದು ಎಂಬುದಂತೂ ಖಚಿತ."

"ದಿನವೂ ಬಾಗಿಲಿಗೆ ಒಯ್ದೇ ನೋಡುತ್ತೇನೆ ಸರ್. ಎದ್ದು ಓಡಾಡುತ್ತೀಯ ಎಂದು ಅದಕ್ಕೂ ಬೈಯುತ್ತಾರೆ" ಎಂದರು.

ಮುಂದಿನ ಸಾಲಿನಲ್ಲಿದ್ದ ಮಾಲೀಕರೊಬ್ಬರು ಹಿಂದಿರುಗಿ, "ಯಾವ ಮೇಜಮ್ಮಾ ನಿನ್ನದು?" ಎಂದು ಕೇಳಿದರು. "ಮೆಟ್ಟಿಲ ಕೆಳಗಿನದು ಸರ್" ಎಂದರು ಆಕೆ. ಸಭೆ ಮುಗಿದ ಮೇಲೆ ಲಕ್ಸ್ ಮೀಟರನ್ನು ಆಕೆಯ ಕೈಗೇ ಕೊಟ್ಟೆ. ಬಿಳಿ ಬಿಲ್ಲೆ ಮೇಲ್ಮುಖವಾಗಿರಬೇಕು, ಬಟ್ಟೆ ಇರುವಲ್ಲೇ ಇಡಬೇಕು, ನಿಮ್ಮ ನೆರಳು ಬಿದ್ದರೆ ಬೀಳಲಿ, ಸರಿಸಬೇಡಿ ಎಂದು ತೋರಿಸಿಕೊಟ್ಟು, ಬೆಳಗ್ಗೆ, ಮಧ್ಯಾಹ್ನ, ಸಂಜೆಯ ಅಂಕಿ ಬರೆದಿಡಲು ಹೇಳಿದೆ. ಮುಂದಿನ ಸೋಮವಾರ ಆ ಕಾರ್ಖಾನೆಗೆ ಹೋಗುತ್ತಿದ್ದೇನೆ.